ಬುಲವಾಯೊದ ಡ್ರೈವರು ಊಟಕ್ಕೆ ಬಂದ ಶನಿವಾರ

ನಮ್ಮಪ್ಪ ಮನೆಯಲ್ಲಿ ಆಡಿದ ಮಾತನ್ನೆಲ್ಲ ಒಟ್ಟುಗೂಡಿಸಿದರೂ ಒಂದು ಪೋಸ್ಟ್‌ಕಾರ್ಡು ತುಂಬುತ್ತಿರಲಿಲ್ಲ. ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಅವರಿಗೆ ಬಾಯ್ಲರ್ ಕೆಲಸ. ಸಂಜೆ ಬಂದವರು ಮೊದಲು ಸೀಮೆಎಣ್ಣೆಯಲ್ಲಿ ಕೈ ತಿಕ್ಕಿ, ಆಮೇಲೆ ಸೋಪಿನಲ್ಲಿ ತೊಳೆದು, ಸ್ನಾನ ಮಾಡಿ ಊಟಕ್ಕೆ ಕೂರುತ್ತಿದ್ದರು. ನಾನು ಪಿಯುಸಿ ಓದುತ್ತಿದ್ದಾಗ ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು. ಅಪ್ಪ ಹೇಗಿದ್ದರು ಎಂದು ಯಾರಾದರೂ ಕೇಳಿದರೆ 'ತುಂಬಾ ಒಳ್ಳೆಯವರು' ಎನ್ನುತ್ತಿದ್ದೆ. ಸರಿಯಾಗಿ ಗೊತ್ತಿಲ್ಲದವರ ಬಗ್ಗೆ ನಾವೆಲ್ಲ ಹೇಳುವುದು ಅದನ್ನೇ.

ಅವರ ಬದುಕಿನಲ್ಲಿ ಒಂದೇ ಒಂದು ದೊಡ್ಡ ಪ್ರಯಾಣವಿತ್ತು. ಎಂಬತ್ತರ ದಶಕದ ಮೊದಲಲ್ಲಿ ಜಿಂಬಾಬ್ವೆಯ ಬುಲವಾಯೊಗೆ ಮೂರು ವರ್ಷದ ಡೆಪ್ಯುಟೇಶನ್ ಮೇಲೆ ಹೋದರು. ಅಮ್ಮ, ನಾನು ಜೊತೆಗೆ ಹೋದೆವು. ಆಗ ನನಗೆ ಏಳು ವರ್ಷ. ಆ ದೇಶ ಆಗಷ್ಟೇ ಸ್ವತಂತ್ರವಾಗಿತ್ತು. ಬಿಳಿಯ ಡ್ರೈವರುಗಳು, ಫಿಟ್ಟರುಗಳು ಗಂಟುಮೂಟೆ ಕಟ್ಟಿಕೊಂಡು ದಕ್ಷಿಣಕ್ಕೆ ಹೊರಟಿದ್ದರು. ಡೀಸೆಲ್ ದುಬಾರಿ, ಹ್ವಾಂಗೆಯ ಗಣಿಯಲ್ಲಿ ಕಲ್ಲಿದ್ದಲು ಬೇಕಾದಷ್ಟು. ಹಾಗಾಗಿ ಮೂಲೆಗೆ ಬಿದ್ದಿದ್ದ ಉಗಿ ಎಂಜಿನ್ನುಗಳನ್ನು ರಿಪೇರಿ ಮಾಡಿ ಮತ್ತೆ ಓಡಿಸೋಣ ಎಂದು ತೀರ್ಮಾನವಾಗಿ, ಬಾಯ್ಲರ್ ಗೊತ್ತಿದ್ದವರಿಗೆ ಇಂಡಿಯಾದಿಂದ ಕರೆ ಹೋಯಿತು.

ಆ ಎಂಜಿನ್ನುಗಳು ನಮ್ಮ ಕಡೆಯವುಗಳಂತಿರಲಿಲ್ಲ. ನಡುವೆ ಹೊಟ್ಟೆ ದಪ್ಪದ ಬಾಯ್ಲರು, ಅದರ ಹಿಂದೊಂದು ಮುಂದೊಂದು ಚಕ್ರಗಳ ಗುಂಪು, ಎರಡೂ ತುದಿಯಲ್ಲಿ ನೀರಿನ ತೊಟ್ಟಿ. ಉದ್ದ ನೋಡಿದರೆ ಎರಡು ಎಂಜಿನ್ನನ್ನು ಬೆನ್ನಿಗೆ ಬೆನ್ನು ಕಟ್ಟಿದ ಹಾಗೆ. ಬುಲವಾಯೊದಿಂದ ಹ್ವಾಂಗೆ ದಾಟಿ ವಿಕ್ಟೋರಿಯಾ ಜಲಪಾತದವರೆಗೆ, ಕಾಡಿನ ನಡುವೆ, ಎಷ್ಟೋ ಮೈಲಿ ತಿರುವೇ ಇಲ್ಲದ ಹಳಿಯ ಮೇಲೆ ಅವು ಓಡುತ್ತಿದ್ದವು. ಅಪ್ಪ ಆ ಎಂಜಿನ್ನುಗಳ ಮೇಲೆ ನಿಂತು ದಿನಗಟ್ಟಲೆ ಹೋಗಿಬರುತ್ತಿದ್ದರು. ಬಂದ ಮೇಲೆ ಏನೂ ಹೇಳುತ್ತಿರಲಿಲ್ಲ.

ದೊಡ್ಡವಳಾಗಿ, ಮದುವೆಯಾಗಿ ಅಮೆರಿಕಕ್ಕೆ ಬಂದು, ಬೆಲ್‌ವ್ಯೂನ ಈಸ್ಟ್‌ಗೇಟಿನಲ್ಲಿ ಮನೆ ಮಾಡಿದ ಮೇಲೆ ನನಗೆ ಈ ಹುಚ್ಚು ಹಿಡಿಯಿತು. ಲೈಬ್ರರಿಯಿಂದ ಆಫ್ರಿಕಾದ ರೈಲಿನ ಪುಸ್ತಕಗಳನ್ನು ತಂದು ಓದಿದೆ. ಯಾವ ಎಂಜಿನ್ನಿಗೆ ಎಷ್ಟು ಚಕ್ರ, ಯಾವ ಏರಿನಲ್ಲಿ ಎಷ್ಟು ಭಾರ ಎಳೆಯಿತು, ಎಲ್ಲ ಇತ್ತು. ಮನುಷ್ಯರು ಮಾತ್ರ ಫೋಟೋದ ಅಂಚಿನಲ್ಲಿ ಇರುತ್ತಿದ್ದರು. ಒಂದು ವಿಷಯ ಮಾತ್ರ ಮನಸ್ಸಿನಲ್ಲಿ ಕೂತಿತು. ಬಿಳಿಯರ ಕಾಲದಲ್ಲಿ ಡ್ರೈವರು ಬಿಳಿಯ, ಬೆಂಕಿ ನೋಡುವ ಫೈರ್‌ಮನ್ನೂ ಬಿಳಿಯ. ಮೂರನೆಯವನೊಬ್ಬ ಕರಿಯ ಇರುತ್ತಿದ್ದ, ಕಲ್ಲಿದ್ದಲನ್ನು ಒಡೆದು ಮುಂದಕ್ಕೆ ತಳ್ಳುವುದಕ್ಕೆ. ಅವನು ಆ ಎಂಜಿನ್ನಿನ ಮೇಲೇ ಮುದುಕನಾದರೂ ಡ್ರೈವರ್ ಸೀಟಿನಲ್ಲಿ ಕೂರುವ ಹಾಗಿರಲಿಲ್ಲ. ಮಡಿ ಮೈಲಿಗೆಯ ಮನೆಯಲ್ಲಿ ಬೆಳೆದ ನನಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಯಾರು ಎಲ್ಲಿಯವರೆಗೆ ಬರಬಹುದು ಎಂಬ ಗೆರೆ ನನಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಪುಸ್ತಕ ಮುಚ್ಚಿಟ್ಟು, ಎಂಥ ಅನ್ಯಾಯದ ಜನ ಎಂದು ಬೇರೆಯವರನ್ನು ಬೈದುಕೊಂಡೆ.

ನನ್ನ ಸಾಫ್ಟ್‌ವೇರ್ ಆಫೀಸು ಅಲ್ಲೇ ಹತ್ತಿರದ ಊರು ಬಾತೆಲ್‌ನ ನಾರ್ತ್ ಕ್ರೀಕಿನಲ್ಲಿ. ೨೦೧೪ರ ವಸಂತದಲ್ಲಿ ನಮ್ಮ ಟೀಮಿಗೆ ಹೊಸದಾಗಿ ಒಬ್ಬಳು ಟೆಸ್ಟರ್ ಬಂದಳು. ಮೊದಲ ವಾರ ಊಟದ ಟೇಬಲ್ಲಿನಲ್ಲಿ ಯಾವ ಊರು ಎಂದು ಕೇಳಿದೆ. ಬುಲವಾಯೊ ಅಂದಳು. ನಾನು ಮೂರು ವರ್ಷ ಇದ್ದ ಬೀದಿಯ ಗುರುತು ಹೇಳಿದಾಗ ಅವಳ ಕೈಯಲ್ಲಿದ್ದ ಫೋರ್ಕು ಅಲ್ಲೇ ನಿಂತಿತು. ಅವಳ ಅಪ್ಪ ಅದೇ ಊರಿನ ಶೆಡ್ಡಿನಲ್ಲಿ ಎಂಜಿನ್ ಡ್ರೈವರ್ ಆಗಿದ್ದವರು. ಅಂದಿನಿಂದ ನಾವಿಬ್ಬರೂ ಒಂದೇ ಟೇಬಲ್ಲು. ನನ್ನ ಡಬ್ಬಿಯ ಚಿತ್ರಾನ್ನಕ್ಕೆ ಅವಳ ಚಮಚ ಬರುತ್ತಿತ್ತು, ಅವಳ ಹುರಿದ ಕಡಲೆಕಾಯಿಗೆ ನನ್ನ ಕೈ ಹೋಗುತ್ತಿತ್ತು. ನನಗೆ ಅದರಲ್ಲಿ ಏನೂ ಅನ್ನಿಸುತ್ತಿರಲಿಲ್ಲ. ಅನ್ನಿಸುವುದಿಲ್ಲ ಎಂಬ ಹೆಮ್ಮೆ ಮಾತ್ರ ಸ್ವಲ್ಪ ಇತ್ತು ಎಂದು ಈಗ ತೋರುತ್ತದೆ.

ಆ ಬೇಸಿಗೆಯಲ್ಲಿ ಅವಳ ಅಪ್ಪ ಮಗಳ ಮನೆಗೆ ಬಂದರು. ಎಪ್ಪತ್ತೆಂಟು ವರ್ಷ. ಬರುವ ಮೊದಲೇ ಅವಳು ನಮ್ಮಪ್ಪನ ಫೋಟೋ ಕಳಿಸಿ ಕೇಳಿದ್ದಳು. 'ಗುರುತಿದೆ' ಎಂದಷ್ಟೇ ಉತ್ತರ ಬಂದಿತ್ತು. ಆ ಒಂದು ಮಾತಿಗೆ ನಾನು ಎರಡು ದಿನ ಕುಣಿದಾಡಿದೆ. ಅಪ್ಪನನ್ನು ಕೆಲಸದ ಮೇಲೆ ಕಂಡವರು ಈ ಭೂಮಿಯ ಮೇಲೆ ಇನ್ನೂ ಒಬ್ಬರಿದ್ದಾರೆ, ಅದೂ ಇನ್ನು ಕೆಲವೇ ದಿನಕ್ಕೆ ನಮ್ಮ ಮನೆಯಿಂದ ಇಪ್ಪತ್ತು ಮೈಲಿ ದೂರಕ್ಕೆ ಬರುತ್ತಾರೆ. ಒಂದು ಶನಿವಾರ ಬೆಳಿಗ್ಗೆ ಬೆಟ್ಟದ ಬುಡದಲ್ಲಿರುವ ಹಳೇ ರೈಲುಗಳ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗುವುದು, ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ ಎಂದು ಗೊತ್ತುಮಾಡಿದೆವು.

ಆ ಹಿರಿಯರು ಎತ್ತರ, ಬೆನ್ನು ಇನ್ನೂ ನೇರ. ಆಗಸ್ಟ್ ಬಿಸಿಲಿನಲ್ಲೂ ಕೋಟು ಹಾಕಿಕೊಂಡು ಬಂದಿದ್ದರು. ಮ್ಯೂಸಿಯಮ್ಮಿನ ಅಂಗಳದಲ್ಲಿ ಕಾಡುಮರ ಸಾಗಿಸುತ್ತಿದ್ದ ಒಂದು ಸಣ್ಣ ಉಗಿ ಎಂಜಿನ್ ನಿಂತಿತ್ತು. ಅವರು ಅದರ ಸುತ್ತ ಒಮ್ಮೆ ನಡೆದು, ಬಾಯ್ಲರಿನ ತಳಕ್ಕೆ ಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೊಟ್ಟರು. ನೆರಳಿನಲ್ಲಿದ್ದ ಬೆಂಚಿನ ಮೇಲೆ ಕೂತು, ನಾನು ಕೇಳುವ ಮೊದಲೇ ಮಾತು ಶುರುಮಾಡಿದರು. ಆಡಿದ್ದು ಇಂಗ್ಲಿಷಿನಲ್ಲಿ, ನನ್ನ ಕಿವಿಯಲ್ಲಿ ಅದು ಕನ್ನಡವಾಗಿ ಉಳಿದಿದೆ.

"ನಾನು ಇಪ್ಪತ್ತೆರಡು ವರ್ಷ ಕಲ್ಲಿದ್ದಲು ಒಡೆದೆ. ಆಮೇಲೆ ಸ್ವಲ್ಪ ಕಾಲ ಫೈರ್‌ಮನ್. ಸ್ವಾತಂತ್ರ್ಯ ಬಂದ ಮೇಲೆ ಡ್ರೈವರ್. ನಿಮ್ಮಪ್ಪ ನನ್ನ ಎಂಜಿನ್ ಹತ್ತಿದಾಗ ನಾನು ಆ ಸೀಟಿಗೆ ಇನ್ನೂ ಹೊಸಬ" ಎಂದರು.

ಎಂಜಿನ್ನಿನ ಮೇಲೆ ಚಹಾ ಕುಡಿಯುವ ಕ್ರಮ ಹೇಳಿದರು. ತಗಡಿನ ಕ್ಯಾನಿನಲ್ಲಿ ಚಹಾ ಕುದಿಸಿ, ಒಲೆಬಾಯಿಯ ಮೇಲಿನ ಕಟ್ಟೆಯ ಮೇಲೆ ಇಡುತ್ತಿದ್ದರು. ಎಷ್ಟು ಹೊತ್ತಾದರೂ ಆರುತ್ತಿರಲಿಲ್ಲ. ಎಂಜಿನ್ ಕುಲುಕಾಟಕ್ಕೆ ಲೋಟ ಗೀಟ ನಿಲ್ಲುವುದಿಲ್ಲ, ಹಾಗಾಗಿ ಕ್ಯಾನಿನ ಮುಚ್ಚಳದಲ್ಲೇ ಬಗ್ಗಿಸಿಕೊಂಡು ಒಬ್ಬರಾದ ಮೇಲೆ ಒಬ್ಬರು ಕುಡಿಯುವುದು. ಬಿಳಿಯರ ಕಾಲದಲ್ಲಿ ಆ ಮುಚ್ಚಳ ಇಬ್ಬರ ನಡುವೆ ಓಡಾಡುತ್ತಿತ್ತು, ಮೂರನೆಯವನಿಗೆ ಅವನದೇ ಬೇರೆ ಡಬ್ಬ.

"ನಿಮ್ಮಪ್ಪ ಬಂದ ಮೊದಲ ದಿನ ನಾನು ಕುಡಿದು ಮುಚ್ಚಳ ಕೈಯಲ್ಲೇ ಹಿಡ್ಕೊಂಡೆ. ಕೊಡಬೇಕೋ ಬೇಡವೋ ಗೊತ್ತಾಗಲಿಲ್ಲ. ಇಂಡಿಯಾದವರ ವಿಷಯ ನಮಗೂ ಸ್ವಲ್ಪ ಗೊತ್ತಿತ್ತು. ಅವರು ಕೈ ಚಾಚಿ ಈಸ್ಕೊಂಡರು. ಒರೆಸಲಿಲ್ಲ. ಕುಡಿದು ಫೈರ್‌ಮನ್‌ಗೆ ಕೊಟ್ಟರು."

ಮನೆಯಲ್ಲಿ ಅಪ್ಪ ಲೋಟಕ್ಕೆ ತುಟಿ ತಾಗಿಸಿದ್ದನ್ನು ನಾನು ಕಂಡಿರಲಿಲ್ಲ. ತಮ್ಮದೇ ಲೋಟವಾದರೂ ಎತ್ತಿ ಸುರಿದುಕೊಂಡೇ ಕುಡಿಯುತ್ತಿದ್ದರು. ಅಂಥವರು ಒಬ್ಬರ ಎಂಜಲು ಮುಚ್ಚಳಕ್ಕೆ ಬಾಯಿ ಇಟ್ಟರು. ಆ ಬೆಂಚಿನ ಮೇಲೆ ಕೂತು ನಾನು ಅಪ್ಪನನ್ನು ಮೊದಲ ಸಲ ಪ್ರೀತಿಸಿದೆ ಎಂದರೆ ಅದು ಸುಳ್ಳಲ್ಲ.

"ಮೂರು ವರ್ಷದಲ್ಲಿ ಒಂದೇ ಸಲ ಅವರು ಎಂಜಿನ್ ಮೇಲೆ ಅತ್ತಿದ್ದರು" ಎಂದರು ಹಿರಿಯರು.

"ಅಪ್ಪಾನಾ? ಯಾಕೆ?"

"ಅದು ಉದ್ದದ ಕತೆ. ಹೊಟ್ಟೆ ಹಸಿದಾಗ ಹೇಳುವಂಥದ್ದಲ್ಲ. ಊಟ ಆಗಲಿ, ಕೂತು ಹೇಳ್ತೀನಿ."

ಅಪ್ಪ ಅಳುವುದನ್ನು ನಾನು ಕಂಡಿರಲಿಲ್ಲ. ಅವರ ತಾಯಿ ತೀರಿಕೊಂಡ ದಿನವೂ ಅವರು ಅತ್ತಿರಲಿಲ್ಲ. ಬೆಟ್ಟದಿಂದ ಮನೆಯವರೆಗೆ ಕಾರು ಓಡಿಸಿದ್ದು ನಾನೇ, ದಾರಿ ಹೇಗೆ ಸವೆಯಿತೋ ತಿಳಿಯಲಿಲ್ಲ. ಆ ಕತೆಯೊಂದು ಸಿಕ್ಕಿದರೆ ಸಾಕು, ಅಪ್ಪ ಸಿಕ್ಕಿದ ಹಾಗೆ ಎಂದು ಎಣಿಸುತ್ತಿದ್ದೆ.

ನಮ್ಮ ಜೊತೆಗೇ ಇರುವ ಅಮ್ಮ ಬೆಳಿಗ್ಗೆ ಐದಕ್ಕೇ ಎದ್ದು ಅಡುಗೆಗೆ ನಿಂತಿದ್ದರು. ಗಂಡ, ಮಗಳು ಈಜಿನ ಸ್ಪರ್ಧೆಗೆಂದು ಪೋರ್ಟ್‌ಲ್ಯಾಂಡಿಗೆ ಹೋಗಿದ್ದರಿಂದ ಊಟಕ್ಕೆ ನಾವು ನಾಲ್ಕೇ ಜನ. ಕೋಸಂಬರಿ, ಹುಳಿ, ಆಂಬೊಡೆ, ಶಾವಿಗೆ ಪಾಯಸ. ಇಂಡಿಯನ್ ಸ್ಟೋರಿನ ಫ್ರೀಜರಿನಿಂದ ತಂದ ಬಾಳೆಎಲೆ. ಕುಡಿಯಲು ನೀರಿನ ಬಾಟಲಿ. ಹಿರಿಯರು ಆಂಬೊಡೆಯನ್ನು ಎರಡು ಸಲ ಹಾಕಿಸಿಕೊಂಡರು. ಅಮ್ಮ ತಮಗೆ ಬರುವ ನಾಲ್ಕು ಇಂಗ್ಲಿಷ್ ಮಾತನ್ನೂ ಖರ್ಚು ಮಾಡಿ ಉಪಚಾರ ಮಾಡಿದರು. ಬುಲವಾಯೊದ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಸಿಗುತ್ತಿದ್ದ ಮೂಲೆಯನ್ನು ಇಬ್ಬರೂ ಸೇರಿ ನೆನಪಿಸಿಕೊಂಡರು. ಇಂಥ ಸಂತೋಷದ ಊಟ ನಮ್ಮ ಈ ಮನೆಯಲ್ಲಿ ಅದುವರೆಗೆ ಆಗಿರಲಿಲ್ಲ.

ಎಲೆ ಎತ್ತಿದ ಮೇಲೆ ಅಮ್ಮ ಕಾಫಿಗೆ ಹೋದರು. ಡಿಕಾಕ್ಷನ್ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ನಾಲ್ಕು ಸ್ಟೀಲ್ ಲೋಟ. ನನ್ನ ಮುಖ ನೋಡಿದರು. ವರಮಹಾಲಕ್ಷ್ಮಿ ಹಬ್ಬಕ್ಕೆ ತಂದು ಉಳಿದಿದ್ದ ಪೇಪರ್ ಕಪ್ಪುಗಳು ಕೌಂಟರಿನ ಮೇಲಿದ್ದವು. ನಾನು ಆ ಕಡೆ ಒಮ್ಮೆ ಕಣ್ಣು ಹಾಯಿಸಿದೆ. ಅಷ್ಟೇ. ಯೋಚಿಸಿ ಮಾಡಿದ್ದಲ್ಲ, ಸೊಳ್ಳೆ ಬಂದರೆ ಕೈ ಬೀಸುವಷ್ಟೇ ಸಲೀಸಾಗಿ ಆಗಿಹೋಯಿತು. ಅಮ್ಮ ಒಳಗೆ ಹೋದರು.

ಕಾಫಿ ಬಂತು. ಅಮ್ಮನಿಗೆ, ನನಗೆ ಸ್ಟೀಲ್ ಲೋಟ. ಅವರಿಬ್ಬರಿಗೆ ಪೇಪರ್ ಕಪ್.

ಗೆಳತಿ ಏನನ್ನೂ ಗಮನಿಸದೆ ಕುಡಿದಳು. ಅಮೆರಿಕದಲ್ಲಿ ಪೇಪರ್ ಕಪ್ಪೆಂದರೆ ಪೇಪರ್ ಕಪ್ಪು, ಆಫೀಸಿನಲ್ಲಿ ದಿನಕ್ಕೆ ಮೂರು ಅದರಲ್ಲೇ ಕುಡಿಯುತ್ತೇವೆ. ಹಿರಿಯರು ಮಾತ್ರ ತಮ್ಮ ಕಪ್ಪನ್ನು ನೋಡಿದರು, ನನ್ನ ಲೋಟ ನೋಡಿದರು. ನಿಧಾನವಾಗಿ ಪೂರ್ತಿ ಕುಡಿದರು.

"ಮೇಡಂ, ಇದು ಬುಲವಾಯೊದ ಆ ಮನೆಯ ಕಾಫಿಯೇ. ರುಚಿ ಬದಲಾಗಿಲ್ಲ" ಎಂದರು ಅಮ್ಮನಿಗೆ.

ಅದನ್ನು ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ನನಗೆ, "ಅಯ್ಯೋ, ನಮ್ಮನೇಗೆ ಬಂದಿದ್ರಂತಾ? ಕೇಳೇ, ಯಾವಾಗ ಅಂತ" ಎಂದರು.

"ಶನಿವಾರಗಳಂದು. ಶೆಡ್ಡಿನಿಂದ ಕಾಗದಗಳನ್ನ ಸಹಿಗೆ ತರ್ತಿದ್ದೆ. ಹಿಂದಿನ ಬಾಗಿಲಿಗೆ" ಎಂದರು ಹಿರಿಯರು. ಆಮೇಲೆ ನನ್ನ ಕಡೆ ತಿರುಗಿದರು. "ಸುರಿಯೋಳು ನೀನು. ಎಷ್ಟು ಎತ್ತರದಿಂದ ಸುರಿದ್ರೂ ಒಂದು ಹನಿ ಚೆಲ್ಲುತ್ತಿರಲಿಲ್ಲ. ಜಾಣ ಹುಡುಗಿ ಅಂದ್ಕೊಳ್ತಿದ್ದೆ."

ನನಗೆ ನೆನಪಿತ್ತು. ಮರೆತಿದ್ದೆ ಎಂದು ಬರೆದರೆ ಸುಖವಾಗುತ್ತದೆ, ಆದರೆ ಮರೆತಿರಲಿಲ್ಲ. ಆ ಮನೆಯ ಹಿತ್ತಿಲಲ್ಲಿ ನಲ್ಲಿಯ ಪಕ್ಕ ಒಂದು ಮೊಳೆ, ಮೊಳೆಗೆ ನೀಲಿ ಅಂಚಿನ ಒಂದು ಮಗ್. ಶೆಡ್ಡಿನಿಂದ ಯಾರು ಬಂದರೂ ಅದನ್ನು ತಾವೇ ತೆಗೆದು ಹಿಡಿಯಬೇಕು, ನಾನು ತಾಗಿಸದೆ ಮೇಲಿನಿಂದ ಕಾಫಿ ಸುರಿಯಬೇಕು, ಕುಡಿದು ತೊಳೆದು ಅವರೇ ತೂಗುಹಾಕಬೇಕು. ಬಂದವರ ಮುಖ ನಾನು ನೋಡುತ್ತಿರಲಿಲ್ಲ, ನೋಡುತ್ತಿದ್ದುದು ಮಗ್ಗಿನ ಬಾಯನ್ನು. ಈ ಹಿರಿಯರು ಆ ಪೈಕಿ ಒಬ್ಬರಾಗಿರದೆ ಇರಲಿ ಎಂದು ಅವರು ಬರುವ ವಾರವೆಲ್ಲ ಒಳಗೊಳಗೇ ಹರಕೆ ಹೊತ್ತಿದ್ದೆ.

"ಅಪ್ಪ?" ಎಂದೆ.

"ಸಹಿ ಮಾಡಿಕೊಟ್ಟು ಒಳಗೆ ಹೋಗಿಬಿಡ್ತಿದ್ದರು. ಆ ಮಗ್ ಕೈಗೆ ತಗೊಳ್ಳೋ ಹೊತ್ತಿಗೆ ಅವರು ಅಲ್ಲಿ ಇರುತ್ತಿರಲಿಲ್ಲ. ಸೋಮವಾರ ಎಂಜಿನ್ ಹತ್ತಿ ಮತ್ತೆ ನನ್ನ ಮುಚ್ಚಳದಲ್ಲೇ ಚಹಾ ಕುಡಿಯೋರು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಕಾಲು ಹಿಡಿಯಬಹುದಿತ್ತು. ಅವರು ಎದ್ದು ಖಾಲಿ ಕಪ್ಪನ್ನು ತಾವೇ ಕಸದ ಡಬ್ಬಿಗೆ ಹಾಕಿದರು, ಕೋಟಿನ ಗುಂಡಿ ಹಾಕಿಕೊಂಡರು, ಆಯಾಸವಾಗಿದೆ ಎಂದು ಮಗಳಿಗೆ ಹೇಳಿದರು. ನಾನು ಗೆಳತಿಯ ಕಾರಿನವರೆಗೂ ಹಿಂದೆಯೇ ಹೋದೆ. ಮಾನ ಮರ್ಯಾದೆ ಬಿಟ್ಟು ಕಾರಿನ ಕಿಟಕಿ ಹಿಡಿದುಕೊಂಡು ಕೇಳಿದೆ, ಅಪ್ಪ ಅತ್ತ ಕತೆ ಹೇಳುತ್ತೇನೆ ಅಂದಿದ್ದಿರಲ್ಲ ಎಂದು.

"ಈಗ ನೆನಪಾಗ್ತಿಲ್ಲ ಮಗಳೇ" ಎಂದರು. ಕಿಟಕಿ ಮೇಲೇರಿತು.

ಮುಂದಿನ ವಾರ ಗೆಳತಿ ನನ್ನ ಟೇಬಲ್ಲಿಗೆ ಬರಲಿಲ್ಲ. ಎರಡು ದಿನ ಕೆಲಸದ ನೆಪ ಹೇಳಿದಳು. ಬುಧವಾರ ಅವಳು ಹೊರಗೆ ತೊರೆಯ ಪಕ್ಕದ ಬೆಂಚಿನಲ್ಲಿ ಒಬ್ಬಳೇ ಊಟ ಮಾಡುವುದನ್ನು ಕಂಡು ಹೋಗಿ ಕೂತೆ. ಅವಳು ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೇ ಬಾಯಿ ಬಿಟ್ಟೆ.

"ಅವತ್ತಿನ ಕಾಫಿ ವಿಷಯ... ನಮ್ಮಮ್ಮ ಹಳೇ ಕಾಲದವರು. ಎಷ್ಟು ಹೇಳಿದರೂ ಅವರನ್ನ ಬದಲಾಯಿಸೋಕೆ ಆಗಲ್ಲ. ನಿಮ್ಮಪ್ಪನಿಗೆ ಬೇಜಾರಾಗಿದ್ರೆ ಅಮ್ಮನ ಪರವಾಗಿ ನಾನು ಕ್ಷಮೆ ಕೇಳ್ತೀನಿ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು.

"ನನಗೆ ಮೊದಲು ಅದು ಅರ್ಥವೇ ಆಗಿರಲಿಲ್ಲ. ಅಪ್ಪನೇ ಬಿಡಿಸಿ ಹೇಳಬೇಕಾಯ್ತು. ನಾನೂ ಹೀಗೇ ಅಂದೆ, ಆ ಅಜ್ಜಿ ಹಳೇ ಕಾಲದವರು ಅಂತ. ಅಪ್ಪ ಅಂದರು, ತಾಯಿ ಅಲ್ಲ. ತಾಯಿ ಮಗಳನ್ನ ಕೇಳಿದಳು, ಮಗಳು ಕಣ್ಣಲ್ಲಿ ಉತ್ತರ ಕೊಟ್ಟಳು."

ನಾನು ಇಲ್ಲ ಎನ್ನಲು ಬಾಯಿ ತೆರೆದೆ.

"ಎಂಜಿನ್ ಮೇಲೆ ಆ ಸದ್ದಿಗೆ ಮಾತು ಕೇಳಿಸಲ್ಲ" ಎಂದಳು. "ಡ್ರೈವರ್ ಕಣ್ಣು ನೋಡಿ ಫೈರ್‌ಮನ್ ಬೆಂಕಿ ಹಾಕಬೇಕು. ನಮ್ಮಪ್ಪ ಜೀವಮಾನ ಎಲ್ಲ ಬೇರೆಯವರ ಕಣ್ಣು ನೋಡಿಯೇ ಕೆಲಸ ಮಾಡಿದೋರು. ಅವರಿಗೆ ತಪ್ಪಾಗಿ ಕಂಡಿರಲ್ಲ."

ಅವಳು ಎದ್ದು ಹೋದಳು. ಕೂಗಾಡಲಿಲ್ಲ, ಆಮೇಲೂ ಮೀಟಿಂಗುಗಳಲ್ಲಿ ನನ್ನೊಡನೆ ಸರಿಯಾಗಿಯೇ ಮಾತಾಡಿದಳು. ಊಟದ ಟೇಬಲ್ಲು ಮಾತ್ರ ಬೇರೆಯಾಯಿತು. ಅವಳ ಅಪ್ಪ ಸೆಪ್ಟೆಂಬರಿನಲ್ಲಿ ಬುಲವಾಯೊಗೆ ವಾಪಸಾದರು. ನಮ್ಮಪ್ಪ ಯಾವ ಸ್ಟೇಷನ್ನಿನ ಹತ್ತಿರ, ಯಾರಿಗಾಗಿ, ಯಾವ ಕಾರಣಕ್ಕೆ ಅತ್ತರು ಎಂಬುದು ಅವರ ಜೊತೆಗೇ ಹೋಯಿತು.

ಅಪ್ಪನ ಮೇಲೆ ನನಗೆ ಕೋಪ ಬಂತು, ನಾಚಿಕೆಯೂ ಆಯಿತು. ಎಂಜಿನ್ನಿನ ಮೇಲೆ ಒಬ್ಬ, ಮನೆಯ ಹಿಂಬಾಗಿಲಲ್ಲಿ ಇನ್ನೊಬ್ಬ. ಆದರೆ ಅವರು ಕಡೇಪಕ್ಷ ತಲೆತಗ್ಗಿಸಿ ಒಳಗೆ ಹೋಗುತ್ತಿದ್ದರು, ತಪ್ಪನ್ನು ಅಮ್ಮನ ತಲೆಗೆ ಕಟ್ಟಿರಲಿಲ್ಲ. ನಾನು ಅವರಿಗಿಂತ ಮೂವತ್ತು ವರ್ಷ ಮುಂದೆ ಬಂದವಳು, ಪುಸ್ತಕ ಓದಿದವಳು, ಅನ್ಯಾಯವನ್ನು ಗುರುತಿಸಬಲ್ಲೆ ಎಂದು ಬೀಗುತ್ತಿದ್ದವಳು.

ಆ ಬುಧವಾರ ಸಂಜೆ ಮನೆಗೆ ಬಂದಾಗ ಅಮ್ಮ ಊಟದ ಟೇಬಲ್ಲಿನ ಮೇಲೆ ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದರು.

"ಆ ಡ್ರೈವರು ಈ ಶನಿವಾರ ಬರ್ತಾರೇನೇ? ಆಂಬೊಡೆ ಇಷ್ಟಪಟ್ರು ಪಾಪ. ಬೇಳೆ ಜಾಸ್ತಿ ನೆನೆಹಾಕ್ತೀನಿ" ಎಂದರು.

"ಬರಲ್ಲಮ್ಮ."

"ಯಾಕೆ? ಹುಷಾರಿಲ್ವಾ?"

ಬ್ಯಾಗು ಇನ್ನೂ ನನ್ನ ಹೆಗಲ ಮೇಲೇ ಇತ್ತು. ಅಮ್ಮ ನನ್ನ ಮುಖ ನೋಡಿದರು, ಹುರುಳಿಕಾಯಿ ಕೆಳಗಿಟ್ಟರು.

"ಆ ಕಪ್ಪಿಂದಾನಾ?" ಎಂದರು.

ನಾನು ಹೌದೆಂದು ತಲೆಯಾಡಿಸಿದೆ.

"ಅವತ್ತು ನಾಲ್ಕು ಲೋಟಾನೂ ತೊಳ್ದು ಒರೆಸಿ ಇಟ್ಟಿದ್ದೆ ಕಣೆ" ಎಂದರು ಅಮ್ಮ. "ಇಷ್ಟು ವರ್ಷ ಆದ್ಮೇಲೆ ಇನ್ನೂ ಎಂಥದ್ದು ಅನ್ನಿಸ್ತು. ಆದ್ರೂ ಕೈ ಮುಂದೆ ಹೋಗ್ಲಿಲ್ಲ, ಅದಕ್ಕೇ ನಿನ್ನ ಹತ್ರ ಬಂದಿದ್ದು. ನೀನು ಓದಿದೋಳು, 'ಇದ್ರಲ್ಲೇ ಕೊಡಮ್ಮ' ಅಂತೀಯ ಅಂತ ಕಾಯ್ತಾ ನಿಂತಿದ್ದೆ."